ಟಚ್ ಪ್ರೋಬ್ ಮತ್ತು ಮೂರು ಉಬ್ಬುಗಳು

ಮಂಗಳೂರು ಬೈಕಂಪಾಡಿಯ ನಮ್ಮ ವರ್ಕ್‌ಶಾಪ್‌ನಲ್ಲಿ ಪಂಪ್ ಹೌಸಿಂಗ್‌ನ ಬೋರನ್ನು, ಅಂದರೆ ದುಂಡನೆಯ ಒಳರಂಧ್ರವನ್ನು, ಅದನ್ನು ಕೊರೆಯುವ ವಿಎಂಸಿ (ಕಂಪ್ಯೂಟರ್ ನಿಯಂತ್ರಿತ) ಯಂತ್ರದ ಮೇಲೆಯೇ, ಮುಟ್ಟಿದೊಡನೆ ಸಿಗ್ನಲ್ ಕೊಡುವ ಟಚ್ ಪ್ರೋಬ್‌ನಿಂದ ಅಳೆಯುತ್ತೇವೆ. ಒಂದು ಹೌಸಿಂಗ್‌ನಲ್ಲಿ ಕೈಯಲ್ಲಿ ಹಿಡಿದು ಅಳೆಯುವ ಬೋರ್ ಗೇಜ್‌ಗೂ ಪ್ರೋಬ್‌ಗೂ ತಾಳೆಯೇ ಆಗುತ್ತಿರಲಿಲ್ಲ. "ಎಷ್ಟು ಸಲ ಮುಟ್ಟಿಸಿದರೂ ಅದೇ ಅಂಕಿ ಬರುತ್ತದಲ್ಲ ಸರ್, ಪ್ರೋಬ್ ಸರಿಯಿದೆ" ಎಂದು ಆಪರೇಟರ್ ವಾದಿಸಿದ. ಅವನ ಮಾತು ನಿಜ, ಆದರೆ ಒಂದು ದಿಕ್ಕಿಗೆ ಮಾತ್ರ.

ನಮ್ಮದು ಕೈನೆಮ್ಯಾಟಿಕ್ ಪ್ರೋಬ್. 1972ರಲ್ಲಿ ಕಾಂಕಾರ್ಡ್ ಎಂಜಿನ್‌ನ ಸಪೂರ ಕೊಳವೆಗಳನ್ನು ಅಳೆಯಲು ಡೇವಿಡ್ ಮ್ಯಾಕ್‌ಮರ್ಟ್ರಿ ಕಂಡುಹಿಡಿದ ಜಾತಿಯದು. ಒಳಗೆ ಮೂರು ಕಡ್ಡಿಗಳು, ಒಂದೊಂದೂ ಎರಡೆರಡು ಗುಂಡುಗಳ ಮೇಲೆ ಸ್ಪ್ರಿಂಗ್ ಒತ್ತಡದಲ್ಲಿ ಕುಳಿತಿರುತ್ತದೆ. ಪ್ರೋಬ್‌ನ ಮೊನೆ, ಅಂದರೆ ಸ್ಟೈಲಸ್, ಗೋಡೆಗೆ ತಾಗಿ ಕಡ್ಡಿ ಏಳತೊಡಗಿ ವಿದ್ಯುತ್ ಪ್ರತಿರೋಧ ಏರಿದಾಗ ಸಿಗ್ನಲ್ ಹೋಗುತ್ತದೆ. ಮೂರು ಕಾಲಿನ ಸ್ಟೂಲನ್ನು ಎರಡು ಕಾಲುಗಳ ನಡುವಿನ ಕಡೆಗೆ ತಳ್ಳಿದರೆ ಸುಲಭವಾಗಿ ವಾಲುತ್ತದೆ, ಕಾಲಿನ ಕಡೆಗೇ ತಳ್ಳಿದರೆ ಹೆಚ್ಚು ಬಲ ಬೇಕು. ಇಲ್ಲಿಯೂ ಹಾಗೆಯೇ. ಬಲ ಹೆಚ್ಚು ಬೇಕಾದ ದಿಕ್ಕಿನಲ್ಲಿ, ಸಿಗ್ನಲ್ ಬರುವ ಮೊದಲೇ ಸ್ಟೈಲಸ್ ಹೆಚ್ಚು ಬಾಗಿರುತ್ತದೆ.

ನಿಖರ ಅಳತೆಯ ದುಂಡನೆಯ ಬಳೆಯಾದ ರಿಂಗ್ ಗೇಜನ್ನು ಟೇಬಲ್ ಮೇಲೆ ಕಟ್ಟಿ, ಡಯಲ್ ಗೇಜ್ ಇಟ್ಟು, ಪ್ರೋಬ್ ಹಿಡಿದ ತಿರುಗುವ ಸ್ಪಿಂಡಲ್‌ನ ನಡುವಿಗೆ ತಂದು, 30 ಡಿಗ್ರಿಗೊಮ್ಮೆ ಒಳಗೋಡೆಯನ್ನು ಮುಟ್ಟಿಸಿದೆ. ಅಂಕಿಗಳನ್ನು ಕಾಗದದ ಮೇಲೆ ಗುರುತಿಸಿದಾಗ ದುಂಡಗಿನ ರಿಂಗ್‌ಗೆ ಮೂರು ಉಬ್ಬುಗಳು ಮೂಡಿದ್ದವು. ಉದ್ದನೆಯ ಸ್ಟೈಲಸ್ ತೆಗೆದು ಗಿಡ್ಡದನ್ನು ಹಾಕಿದ್ದೇ ಉಬ್ಬು ತಗ್ಗಿತು. ಆಳದ ಬೋರ್‌ಗೆ ಉದ್ದ ಬೇಕೇಬೇಕೆಂದಾದರೆ ನಾನು ಕಾರ್ಬನ್ ಫೈಬರ್ ಕಾಂಡದ್ದನ್ನೇ ಆರಿಸುತ್ತೇನೆ. ದುಬಾರಿ, ಆದರೆ ಹಗುರ ಮತ್ತು ಗಟ್ಟಿ.

ಅಸಲು ಸಮಸ್ಯೆ ಇದ್ದದ್ದು ಗೊತ್ತಿರುವ ಅಳತೆಗೆ ಪ್ರೋಬನ್ನು ಸರಿಹೊಂದಿಸುವ ಕ್ಯಾಲಿಬ್ರೇಶನ್‌ನಲ್ಲಿ. ಯಂತ್ರದೊಂದಿಗೆ ಬಂದ ಸಿದ್ಧ ಕ್ಯಾಲಿಬ್ರೇಶನ್ ಪ್ರೋಗ್ರಾಂ ಎಕ್ಸ್ ಮತ್ತು ವೈ ಅಕ್ಷಗಳ ನಾಲ್ಕು ದಿಕ್ಕುಗಳನ್ನಷ್ಟೇ ಸರಿಪಡಿಸುತ್ತಿತ್ತು. ಬೋರಿನ ಒಳಗೆ ಒಂದು ಕಡೆ ಕೀವೇ ಎಂಬ ಸೀಳು ಇದ್ದುದರಿಂದ ಅಳೆಯುವ ಪ್ರೋಗ್ರಾಂ ಮೂರು ಬಿಂದುಗಳಲ್ಲಿ, ಓರೆ ಕೋನಗಳಲ್ಲಿ ಮುಟ್ಟುತ್ತಿತ್ತು. ಆ ಕೋನಗಳಿಗೆ ತಿದ್ದುಪಡಿಯೇ ಇರಲಿಲ್ಲ. ಅಳೆಯುವ ಕೋನಗಳಲ್ಲಿಯೇ, ಅಳೆಯುವ ಫೀಡ್ ವೇಗದಲ್ಲಿಯೇ ರಿಂಗ್ ಮೇಲೆ ಕ್ಯಾಲಿಬ್ರೇಟ್ ಮಾಡಿದ ಮೇಲೆ ಬೋರ್ ಗೇಜ್‌ನೊಂದಿಗಿನ ತಕರಾರು ಮುಗಿಯಿತು. ತೀರಾ ಬಿಗಿ ಟಾಲರೆನ್ಸ್ (ಅಳತೆಯಲ್ಲಿ ಬಿಡಬಹುದಾದ ವ್ಯತ್ಯಾಸ) ಇದ್ದಲ್ಲಿ ಪ್ರತಿ ಬಿಂದುವಿಗೂ ಸ್ಪಿಂಡಲ್ ತಿರುಗಿಸಿ, ಪ್ರೋಬ್‌ನ ಒಂದೇ ಮುಖದಿಂದ ಮುಟ್ಟಿಸುತ್ತೇನೆ. ಸಮಯ ತಿನ್ನುತ್ತದೆ, ನಿಜ.

ಸ್ಟ್ರೈನ್ ಗೇಜ್ ಪ್ರೋಬ್‌ನಲ್ಲಿ ಈ ಮೂರು ಉಬ್ಬಿನ ಕಾಟ ಬಹುಮಟ್ಟಿಗೆ ಇಲ್ಲ. ಅದು ಬಲವನ್ನೇ ಅಳೆಯುತ್ತದೆ, ತೀರಾ ಕಡಿಮೆ ಬಲಕ್ಕೆ, ಎಲ್ಲ ದಿಕ್ಕಿನಲ್ಲಿಯೂ ಹೆಚ್ಚುಕಡಿಮೆ ಸಮನಾಗಿ ಸಿಗ್ನಲ್ ಕೊಡುತ್ತದೆ. ಅಚ್ಚುಗಳ ವಕ್ರ ಮೇಲ್ಮೈ ಅಳೆಯುವವರು ಅದನ್ನೇ ಕೊಳ್ಳಲಿ. ನಮ್ಮ ಹೌಸಿಂಗ್‌ಗಳಿಗೆ ಹಳೆಯದೇ ಸಾಕು. ಸ್ಟೈಲಸ್ ಬದಲಿಸಿದಾಗ, ಪ್ರೋಬ್ ಎಲ್ಲಿಗಾದರೂ ಬಡಿದಾಗ ಮತ್ತೆ ರಿಂಗ್ ಕಟ್ಟುವ ತಾಳ್ಮೆಯೊಂದಿದ್ದರೆ.