ರಾತ್ರಿ ಬರುವ ಹಲ್ಲುನೋವಿನ ಕರೆ: ನಾನು ವಿಂಗಡಿಸುವ ರೀತಿ

ರಾತ್ರಿ ಹಲ್ಲುನೋವೆಂದು ಕರೆ ಬಂದರೆ ಯಾರು ಕೂಡಲೇ ಬರಬೇಕು, ಯಾರು ಬೆಳಗ್ಗೆ ಬಂದರೆ ಸಾಕು, ಯಾರು ನೇರ ಆಸ್ಪತ್ರೆಗೆ ಹೋಗಬೇಕು ಎಂದು ನಾನು ಫೋನಿನಲ್ಲೇ ವಿಂಗಡಿಸುತ್ತೇನೆ. ಫೋನಿನಲ್ಲಿ ಹಲ್ಲು ನೋಡಲಿಕ್ಕೆ ಆಗುತ್ತದಾ ಎಂದು ಕೇಳಿದವರೇ ಜಾಸ್ತಿ. ನಮ್ಮ ದಂತವೈದ್ಯರ ಒಂದು ಮೀಟಿಂಗಿನಲ್ಲಿ ಹಿರಿಯರೊಬ್ಬರು ಎದ್ದು, "ಇದು ಕೇಸು ಹಾಕಿಸಿಕೊಳ್ಳುವ ದಾರಿ, ಬಿಟ್ಟುಬಿಡು ಮಾರಾಯ" ಎಂದಿದ್ದರು. ಪುಕ್ಕಟೆ ಸಲಹೆ ಕೊಟ್ಟರೆ ಮರುದಿನ ಒಬ್ಬರೂ ಕ್ಲಿನಿಕ್ಕಿಗೆ ಬರುವುದಿಲ್ಲ ಎಂದು ಇನ್ನೊಬ್ಬರು ಲೆಕ್ಕ ಹೇಳಿದರು. ಐದು ವರ್ಷದ ಮೇಲಾಯಿತು. ಕೇಸೂ ಬಿದ್ದಿಲ್ಲ, ಜನವೂ ಕಡಿಮೆಯಾಗಿಲ್ಲ. ಈಗ ಅದೇ ಹಿರಿಯರ ಮೇಜಿನ ಮೇಲೆ ನನ್ನ ಪ್ರಶ್ನೆಗಳ ಚೀಟಿ ಇದೆ. ಹಾಗಾಗಿ ಧೈರ್ಯವಾಗಿ ಬರೆಯುತ್ತಿದ್ದೇನೆ.

ನನ್ನ ಕ್ಲಿನಿಕ್ ಇರುವುದು ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಕಡೆ. ಬರುವವರಲ್ಲಿ ಹೆಚ್ಚಿನವರು ಅಡಿಕೆ ತೋಟದ ಮನೆಗಳವರು. ರಸ್ತೆಗೆ ಬರಲಿಕ್ಕೇ ಕೆಲವರಿಗೆ ಅರ್ಧ ಗಂಟೆ ಬೇಕು. ಈ ವಿಂಗಡಣೆ ಶುರುವಾದದ್ದು 2020ರ ಮಾರ್ಚ್ ಕೊನೆಗೆ. ಲಾಕ್‌ಡೌನ್ ಬಂತು, ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿತು, ಒಳರಸ್ತೆಗಳಿಗೆ ಮಣ್ಣು ಬಿತ್ತು. ಕಾಸರಗೋಡಿನವರಿಗೆ ದೊಡ್ಡ ಕಾಯಿಲೆ ಬಂದರೆ ಮಂಗಳೂರೇ ಗತಿ, ಆ ದಾರಿಯೇ ಬಂದ್. ಕ್ಲಿನಿಕ್ಕಿನಲ್ಲಿ ತುರ್ತು ಕೇಸು ಮಾತ್ರ ನೋಡಬಹುದಿತ್ತು. ಯಾವುದು ತುರ್ತು ಎಂದು ಫೋನಿನಲ್ಲೇ ತೀರ್ಮಾನ ಮಾಡದೆ ಬೇರೆ ದಾರಿ ಇರಲಿಲ್ಲ. ಲಾಕ್‌ಡೌನ್ ಮುಗಿದರೂ ನಾನು ಅದನ್ನು ಬಿಡಲಿಲ್ಲ.

ಮುಖ್ಯ ವಿಷಯ ಒಂದೇ. ಫೋನ್ ಮಾಡುವುದು ಯಾವಾಗಲೂ ಮಗ, ಅಳಿಯ ಅಥವಾ ಪಕ್ಕದ ಮನೆಯವರು. ನಾನು ಅವರಿಂದ ಕಥೆ ಕೇಳುವುದಿಲ್ಲ. "ಅಪ್ಪನ ಕೈಗೆ ಕೊಡಿ" ಎನ್ನುತ್ತೇನೆ. "ಅವರಿಗೆ ಮಾತಾಡ್ಲಿಕ್ಕೆ ಆಗ್ತಾ ಇಲ್ಲ ಡಾಕ್ಟ್ರೇ" ಎಂದರೆ ಅರ್ಧ ಉತ್ತರ ಅಲ್ಲೇ ಸಿಕ್ಕಿತು. ಬಾಯಲ್ಲಿ ಬಿಸಿ ತುತ್ತು ಇಟ್ಟುಕೊಂಡು ಮಾತಾಡಿದ ಹಾಗೆ ದನಿ ಬಂದರೆ ನಾಲಿಗೆಯ ಕೆಳಗೆ ಊತ ಇದೆ ಎಂದೇ ತಿಳಿಯುತ್ತೇನೆ. ಆಮೇಲೆ ಉಗುಳು ನುಂಗಲು ಹೇಳುತ್ತೇನೆ. ನೀರು ಕುಡಿಸಿ ನೋಡುವುದು ಬೇಡ. ನುಂಗಲಾಗದವರಿಗೆ ನೀರು ಶ್ವಾಸಕ್ಕೆ ಹೋಗಬಹುದು, ಆಪರೇಶನ್ ಬೇಕಾದರೆ ಹೊಟ್ಟೆಯೂ ಖಾಲಿ ಇರಬೇಕು. ಮೂರನೆಯದು, ಎರಡು ಬೆರಳು ಒಂದರ ಮೇಲೊಂದು ಇಟ್ಟು ಮೇಲಿನ, ಕೆಳಗಿನ ಹಲ್ಲುಗಳ ನಡುವೆ ಹೋಗುತ್ತದೆಯೇ ಎಂದು ನೋಡುವುದು. ನಮ್ಮಲ್ಲಿ ಎಲೆಅಡಿಕೆ ತಿಂದು ತಿಂದು ಬಾಯಿ ಮೊದಲೇ ಬಿಗಿದವರು ತುಂಬ ಜನ ಇದ್ದಾರೆ. ಆದ್ದರಿಂದ "ಮೊನ್ನೆ ಹೋಗ್ತಿತ್ತಾ?" ಎಂದು ಕೇಳಲೇಬೇಕು.

ಅಷ್ಟರಲ್ಲಿ ಇನ್ನೊಬ್ಬರು ವಾಟ್ಸಾಪಿನಲ್ಲಿ ಫೋಟೋ ಕಳಿಸುತ್ತಾರೆ. ಮುಖದ ಎದುರಿಂದ ಒಂದು, ಗದ್ದ ಮೇಲೆತ್ತಿ ಕೆಳಗಿನಿಂದ ಒಂದು. ಕೆಳಗಿನಿಂದ ತೆಗೆದದ್ದೇ ಹೆಚ್ಚು ಉಪಯೋಗ. ದವಡೆಯ ಅಂಚು ಎರಡೂ ಕಡೆ ಕಾಣದೆ ಕುತ್ತಿಗೆಗೆ ಕೂಡಿಕೊಂಡಿದ್ದರೆ ಲುಡ್ವಿಗ್ (ದವಡೆಯ ಕೆಳಗೆ ಹರಡಿ ಉಸಿರು ಕಟ್ಟಿಸುವ ಸೋಂಕು) ಎಂದೇ ಹಿಡಿಯುತ್ತೇನೆ. ಮೇಲಿನ ಹಲ್ಲಿನ ಊತ ಕಣ್ಣಿಗೆ ಹತ್ತಿ ರೆಪ್ಪೆ ಮುಚ್ಚಿದ್ದರೂ ಅದೇ ದಾರಿ. ಇಂಥವರನ್ನು ನನ್ನ ಕುರ್ಚಿಯಲ್ಲಿ ಕೂರಿಸುವುದೇ ಇಲ್ಲ. 108ಕ್ಕೆ ಕರೆ ಮಾಡಿಸಿ, ಅರಿವಳಿಕೆ ತಜ್ಞರು ಮತ್ತು ಐಸಿಯು ಇರುವ ಆಸ್ಪತ್ರೆಗೆ ನೇರ ಕಳಿಸುತ್ತೇನೆ. ದಾರಿಯಲ್ಲಿ ಮಲಗಿಸಬಾರದು, ಕೂರಿಸಿಕೊಂಡು ಹೋಗಬೇಕು.

ಜನ ಅತಿ ಹೆಚ್ಚು ಸಿಟ್ಟಾಗುವುದು ಇಲ್ಲಿಯೇ. ಒಮ್ಮೆ ತೋಟದ ಕೆಲಸದವರೊಬ್ಬರ ಮನೆಯವರು ಜೀಪಿನಲ್ಲಿ ಕ್ಲಿನಿಕ್ ಬಾಗಿಲಿಗೇ ಬಂದರು. ವಾರದಿಂದ ಮಾತ್ರೆ ನುಂಗುತ್ತಿದ್ದರಂತೆ, ಶುಗರ್ ಬೇರೆ ಇತ್ತು. ಜೀಪಿನಲ್ಲೇ ಟಾರ್ಚ್ ಹಿಡಿದು ನೋಡಿದೆ. ನಾಲಿಗೆ ಮೇಲೆದ್ದಿತ್ತು, ಬೈರಾಸಿನ (ಹೆಗಲ ಟವೆಲಿನ) ಮೇಲೆ ಜೊಲ್ಲು. ಇಳಿಸಬೇಡಿ, ಹೀಗೇ ಮಂಗಳೂರು ಹತ್ತಿರದ ದೇರಳಕಟ್ಟೆಯ ಆಸ್ಪತ್ರೆ ಕಡೆ ಹೋಗಿ ಎಂದೆ. "ಒಂದು ಇಂಜೆಕ್ಷನ್ ಆದರೂ ಕೊಡಿ, ಬಾಗಿಲು ಕೂಡ ತೆಗೆಯುವುದಿಲ್ಲವಾ" ಎಂದು ರೋಗಿಯ ಅಣ್ಣ ಕೂಗಾಡಿದರು. ಅವರು ಹಾದಿಯಲ್ಲಿದ್ದಾಗಲೇ ನಾನು ಅಲ್ಲಿಯ ಸರ್ಜನ್‌ಗೆ ಫೋನ್ ಮಾಡಿದ್ದೆ. ರಾತ್ರಿಯೇ ಉಸಿರಿಗೆ ಟ್ಯೂಬ್ ಹಾಕಿ ಎರಡೂ ಕಡೆ ಕೊಯ್ದು ಕೀವು ತೆಗೆದರು. ಹತ್ತು ಹನ್ನೆರಡು ದಿನದ ಮೇಲೆ ಆ ಅಣ್ಣ ಒಂದು ಗೊನೆ ಕದಳಿ ತಂದುಕೊಟ್ಟರು. ಊರಿನಲ್ಲಿ ಈ ಕ್ರಮಕ್ಕೆ ಬೆಲೆ ಬಂದದ್ದು ಆ ಕೇಸಿನಿಂದ.

ಹೊಡೆತ ಬಿದ್ದವರಲ್ಲಿ ಹಲ್ಲಿಗಿಂತ ಮೊದಲು ತಲೆ. ಪ್ರಜ್ಞೆ ತಪ್ಪಿತ್ತಾ, ವಾಂತಿ ಆಯಿತಾ, ಕಚ್ಚಿದಾಗ ಹಲ್ಲು ಮೊದಲಿನ ಹಾಗೆ ಕೂರುತ್ತದಾ? ಇದರಲ್ಲಿ ಒಂದಕ್ಕೆ ಎಡವಟ್ಟು ಉತ್ತರ ಬಂದರೂ ಆಸ್ಪತ್ರೆ. ಇನ್ನೊಂದು ಗುಂಪನ್ನು ನಾವು ಹಲ್ಲಿನವರು ಮರೆಯುತ್ತೇವೆ. ತೋಟದ ಗುಡ್ಡ ಹತ್ತುವಾಗ ದವಡೆ ನೋವು, ನಿಂತರೆ ಕಡಿಮೆ, ಜೊತೆಗೆ ಬೆವರು. ಅದು ಹಲ್ಲಿನದ್ದಲ್ಲ, ಇಸಿಜಿ ಮಾಡಿಸಬೇಕು. ಐವತ್ತು ದಾಟಿದ ಎಲ್ಲರಿಗೂ ಈಗ ಗುಡ್ಡದ ಪ್ರಶ್ನೆ ಕೇಳುತ್ತೇನೆ. ಹಾಗೆ ಇಬ್ಬರು ಮೂವರು ಸಿಕ್ಕಿದ್ದಾರೆ.

ರಕ್ತ ನಿಲ್ಲದ ಕರೆಗಳು ಹಲ್ಲು ಕಿತ್ತ ದಿನ ರಾತ್ರಿ ಬರುತ್ತವೆ. ಹೆಚ್ಚಿನವು ಉಗುಳಿ ಉಗುಳಿ ಆದದ್ದು. ಶುದ್ಧ ಹತ್ತಿ ಬಟ್ಟೆ ಮಡಚಿ, ಒದ್ದೆ ಮಾಡಿ, ಗಡಿಯಾರ ನೋಡಿ ಅರ್ಧ ಗಂಟೆ ಕಚ್ಚಬೇಕು. ನಡುವೆ ತೆಗೆದು ನೋಡಬಾರದು. ಎರಡು ಸಲ ಮಾಡಿಯೂ ಬಟ್ಟೆ ತೋಯ್ದರೆ ಬನ್ನಿ ಎನ್ನುತ್ತೇನೆ. ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರಾದರೆ ಕಾಯುವುದಿಲ್ಲ, ಕೂಡಲೇ ಬರಬೇಕು. ಟೀ ಬ್ಯಾಗ್ ಕಚ್ಚಿಸಿ ಎನ್ನುತ್ತಾರಲ್ಲ, ನಮ್ಮ ಕಡೆಯ ಮನೆಗಳಲ್ಲಿ ಅದು ಎಲ್ಲಿ? ಚಾಪುಡಿಯನ್ನೇ ಬಟ್ಟೆಯಲ್ಲಿ ಕಟ್ಟಿ ಒದ್ದೆ ಮಾಡಿ ಕಚ್ಚಿಸಿ ನೋಡಿದೆ. ಕೆಲಸ ಮಾಡುತ್ತದೆ. ಗಂಟು ಗಟ್ಟಿ ಇರಬೇಕು, ಅಷ್ಟೇ.

ಬರೀ ನೋವಿನವರಿಗೆ ಮುಖ್ಯ ಪ್ರಶ್ನೆ: ತಣ್ಣೀರು ಬಾಯಲ್ಲಿ ಇಟ್ಟರೆ ಹಾಯ್ ಅನ್ನಿಸುತ್ತದಾ? ಹೌದೆಂದರೆ ಪಲ್ಪ್ (ಹಲ್ಲಿನೊಳಗಿನ ನರ, ರಕ್ತನಾಳದ ಭಾಗ) ಕೊನೆಯ ಹಂತದಲ್ಲಿದೆ. ಪ್ರಾಣಕ್ಕೆ ಅಪಾಯ ಇಲ್ಲ, ಆದರೆ ನಿದ್ದೆ ಇಲ್ಲ. ಊಟವಾದ ಮೇಲೆ ಐಬುಪ್ರೊಫೆನ್ 400 ಮತ್ತು ಪ್ಯಾರಾಸಿಟಮಾಲ್ 500 ಒಟ್ಟಿಗೆ ಕೊಟ್ಟು, ಬೆಳಗ್ಗೆ ಏಳಕ್ಕೆ ಕರೆದು ಆಕ್ಸೆಸ್ ಓಪನ್ ಮಾಡುತ್ತೇನೆ, ಅಂದರೆ ಹಲ್ಲು ಕೊರೆದು ಪಲ್ಪ್ ತೆರೆಯುತ್ತೇನೆ. ಗರ್ಭಿಣಿ, ಕಿಡ್ನಿ ತೊಂದರೆ, ಹೊಟ್ಟೆಹುಣ್ಣು, ಉಬ್ಬಸ, ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ಪ್ಯಾರಾಸಿಟಮಾಲ್ ಮಾತ್ರ. ಆಂಟಿಬಯೋಟಿಕ್ ಹೇಳುವುದೇ ಇಲ್ಲ, ಅದು ಈ ನೋವಿಗೆ ಮದ್ದಲ್ಲ. ಮೊದಲು ಜನ ಮೆಡಿಕಲ್ ಶಾಪಿನಿಂದ ಮೂರು ದಿನದ ಅಮಾಕ್ಸಿಸಿಲಿನ್ ನುಂಗಿ, ನೋವು ಕಡಿಮೆಯಾಯಿತೆಂದು ಸುಮ್ಮನಿದ್ದು, ಕೊನೆಗೆ ಊದಿಕೊಂಡು ಬರುತ್ತಿದ್ದರು. 2024ರಲ್ಲಿ ಕೇರಳದಲ್ಲಿ ಆಂಟಿಬಯೋಟಿಕ್ ದುರ್ಬಳಕೆ ತಡೆಯುವ ಆಪರೇಶನ್ ಅಮೃತ್ ಶುರುವಾಗಿ, ಚೀಟಿ ಇಲ್ಲದೆ ಕೊಡುವ ಅಂಗಡಿಗಳ ಮೇಲೆ ಕಣ್ಣಿಟ್ಟ ಮೇಲೆ ನನ್ನಲ್ಲಿಗೆ ಜನ ಬೇಗ ಬರುತ್ತಿದ್ದಾರೆ. ಇದು ನನ್ನ ಕ್ಲಿನಿಕ್ಕಿನ ಮಟ್ಟಿಗೆ ಕಂಡದ್ದು.

ಕೇಳುವ ಇನ್ನೊಂದು ಪ್ರಶ್ನೆ ಇದೆ. ನಿಜ ನೋವು ಯಾವುದು, ಹೆದರಿಕೆ ಯಾವುದು ಎಂದು ಅದರಲ್ಲಿ ತಿಳಿಯುತ್ತದೆ. ಅದನ್ನು ಇಲ್ಲಿ ಬರೆದರೆ ನಾಳೆಯಿಂದ ಎಲ್ಲರಿಗೂ ಉತ್ತರ ಗೊತ್ತಿರುತ್ತದೆ. ವೃತ್ತಿಯವರು ಕ್ಲಿನಿಕ್ಕಿಗೆ ಬಂದರೆ ಹೇಳುತ್ತೇನೆ.

ದುಡ್ಡಿನ ವಿಷಯ. ತಿಂಗಳಿಗೆ ಇಪ್ಪತ್ತೈದು ಮೂವತ್ತು ರಾತ್ರಿ ಕರೆ. ಅದರಲ್ಲಿ ನಿಜವಾಗಿ ಬಾಗಿಲು ತೆಗೆಯಬೇಕಾದದ್ದು ನಾಲ್ಕೋ ಐದೋ. ನೇರ ಆಸ್ಪತ್ರೆಗೆ ಹೋಗಬೇಕಾದವರು ಎರಡು ಮೂರು ತಿಂಗಳಿಗೆ ಒಬ್ಬರು. ಮೊದಲು ರಾತ್ರಿಗೆಂದು ಬೇರೆ ಫೀಸು ಇರಲಿಲ್ಲ. ಆಗ ಹನ್ನೊಂದು ಗಂಟೆಗೆ ಕ್ಲೀನಿಂಗ್ ಮಾಡಿಸಲು ಬಂದವರೂ ಇದ್ದರು. ಮುನ್ನೂರು ರೂಪಾಯಿ ಇಟ್ಟೆ, ಈಗ ಐನೂರು. ಸುಮ್ನೆ ಬರುವವರು ನಿಂತರು. ಫೋನಿನ ಸಲಹೆಗೆ ಇವತ್ತಿಗೂ ದುಡ್ಡಿಲ್ಲ. ಬೆಳಗ್ಗೆ ಬನ್ನಿ ಎಂದವರಲ್ಲಿ ಹತ್ತರಲ್ಲಿ ಏಳೆಂಟು ಜನ ಬರುತ್ತಾರೆ, ಪೂರ್ತಿ ಆರ್‌ಸಿಟಿ (ರೂಟ್ ಕೆನಾಲ್) ಮಾಡಿಸಿಕೊಂಡೇ ಹೋಗುತ್ತಾರೆ. ಪುಕ್ಕಟೆ ಸಲಹೆ ವ್ಯಾಪಾರ ಕೆಡಿಸುತ್ತದೆ ಎಂದವರಿಗೆ ಇದೇ ನನ್ನ ಉತ್ತರ.

ಖರ್ಚು ಬಿದ್ದದ್ದು ಕರೆಂಟಿನಿಂದ. ಮಳೆಗಾಲದ ರಾತ್ರಿ ಕರೆಂಟು ಹೋದರೆ ಹಲ್ಲು ಕೊರೆಯುವ ಯಂತ್ರಕ್ಕೆ ಗಾಳಿ ಕೊಡುವ ಕಂಪ್ರೆಸರ್ ಇಲ್ಲ, ನನ್ನ ಇನ್ವರ್ಟರ್ ಅದನ್ನು ಎಳೆಯುವುದಿಲ್ಲ. ಜನರೇಟರ್ ತಂದೆ, ಇಪ್ಪತ್ತೈದು ಸಾವಿರದ ಹತ್ತಿರ ಹೋಯಿತು. ಸದ್ದಿಗೆ ಮೇಲಿನ ಮನೆಯವರು ಜಗಳಕ್ಕೆ ಬಂದರು. ಮಾರಿಬಿಟ್ಟು, ಬ್ಯಾಟರಿಯಲ್ಲಿ ಓಡುವ ಮೈಕ್ರೋಮೋಟರ್ (ಹಲ್ಲು ಕೊರೆಯುವ ಚಿಕ್ಕ ಯಂತ್ರ) ಮತ್ತು ತಲೆಗೆ ಕಟ್ಟುವ ಲೈಟು ತೆಗೆದುಕೊಂಡೆ. ಎರಡೂ ಸೇರಿ ಹತ್ತು ಹನ್ನೆರಡು ಸಾವಿರ. ಲಿಗ್ನೋಕೇನ್ ಬ್ಲಾಕ್ (ಮರಗಟ್ಟಿಸುವ ಇಂಜೆಕ್ಷನ್) ಸರಿ ಕೂತರೆ ನಿಧಾನಕ್ಕೆ ಪಲ್ಪ್ ತೆರೆಯಲು ಅಷ್ಟು ಸಾಕು.

ಇನ್ನು ಬಿದ್ದ ಹಲ್ಲು ತರಲಿಕ್ಕೆಂದು ಶಾಲೆಗಳಿಗೆ ಕೊಡುವ ಡಬ್ಬಿ. ಬುಡ ಸಮೇತ ಹಾರಿ ಬಿದ್ದ ಹಲ್ಲು ನನ್ನ ಕೈಗೆ ಬರುತ್ತಿದ್ದದ್ದು ಕಾಗದದಲ್ಲಿ, ಕರ್ಚೀಫಿನಲ್ಲಿ, ಒಮ್ಮೆ ಸೋಪು ಹಾಕಿ ಉಜ್ಜಿ. ಒಂದು ಗಂಟೆ ಒಣಗಿದರೆ ಬೇರಿನ ಮೇಲಿನ ಜೀವಕೋಶ ಸತ್ತ ಹಾಗೆಯೇ ಅಲ್ವಾ? ಮೊದಲು ಕನ್ನಡ, ಮಲಯಾಳ ಎರಡರಲ್ಲೂ ಪೋಸ್ಟರ್ ಹಂಚಿದೆ. ಸಾವಿರಾರು ರೂಪಾಯಿ ಪ್ರಿಂಟಿಂಗಿಗೆ ಹೋಯಿತು. ಗೋಡೆಯಲ್ಲಿ ಉಳಿಯಿತು, ತಲೆಯಲ್ಲಿ ಉಳಿಯಲಿಲ್ಲ. ಆಮೇಲೆ ಡಬ್ಬಿ ಮಾಡಿದೆ. ಮುಚ್ಚಳ ಗಟ್ಟಿ ಇರುವ ಚಿಕ್ಕ ಡಬ್ಬಿ, ಗಾಜ್, ಒಂದು ಜೊತೆ ಗ್ಲೌಸ್, ಕೆಡದೆ ಉಳಿಯುವ ಟೆಟ್ರಾ ಪ್ಯಾಕ್ ಹಾಲು. ಒಂದಕ್ಕೆ ಅರುವತ್ತು ಎಪ್ಪತ್ತು ರೂಪಾಯಿ. ಮೊದಲ ವರ್ಷ ಹಾಲು ಸ್ಟಾಫ್ ರೂಮಿನ ಚಾಕ್ಕೆ ಹೋಯಿತು. ಈಗ ಡಬ್ಬಿಯನ್ನು ಪಿಟಿ ಮಾಷ್ಟ್ರ ಕೈಗೇ ಕೊಡುತ್ತೇನೆ, ಸೀಟಿಯ ಜೊತೆ ಮೈದಾನಕ್ಕೆ ಬರುತ್ತದೆ. ಹಾಲಿನ ತಾರೀಕು ದಪ್ಪ ಪೆನ್ನಿನಲ್ಲಿ ಬರೆದಿರುತ್ತೇನೆ, ಜೂನ್ ಮತ್ತು ಜನವರಿಯಲ್ಲಿ ಬದಲು.

ಮಾಷ್ಟ್ರಿಗೆ ಹೇಳಿಕೊಟ್ಟದ್ದು ಇಷ್ಟೇ. ಬೇರು ಮುಟ್ಟಬೇಡಿ. ಮಣ್ಣಾಗಿದ್ದರೆ ಹಾಲಿನಲ್ಲೋ ತಣ್ಣೀರಿನಲ್ಲೋ ಕೆಲವು ಸೆಕೆಂಡು ಅದ್ದಿ ತೆಗೆಯಿರಿ, ಉಜ್ಜಬೇಡಿ. ಧೈರ್ಯ ಇದ್ದರೆ ಅಲ್ಲೇ ಹಲ್ಲಿದ್ದ ಗುಳಿಯಲ್ಲಿ ಕೂರಿಸಿ ಬಟ್ಟೆ ಕಚ್ಚಿಸಿ. ಇಲ್ಲದಿದ್ದರೆ ಹಾಲಿಗೆ ಹಾಕಿ ಓಡಿ ಬನ್ನಿ. ಒಂದನೇ ಕ್ಲಾಸಿನ ಕೆಳಗಿನ ಮಕ್ಕಳದ್ದಾದರೆ ಹಾಲುಹಲ್ಲು, ಅದನ್ನು ಕೂರಿಸಬಾರದು. ಮೊದಲು ಗೆದ್ದದ್ದು ಒಂದು ಯುಪಿ (ಹಿರಿಯ ಪ್ರಾಥಮಿಕ) ಶಾಲೆಯ ಸ್ಪೋರ್ಟ್ಸ್ ದಿನ. ಟೀಚರೊಬ್ಬರು ಹಾಲಿನಲ್ಲಿ ಹಾಕಿ ಅರ್ಧ ಗಂಟೆಯೊಳಗೆ ತಂದರು. ಆ ಹಲ್ಲು ಇವತ್ತಿಗೂ ಆ ಹುಡುಗನ ಬಾಯಲ್ಲಿದೆ. ಹೀಗೆ ಕೂರಿಸಿದವು ಹದಿನೈದರ ಆಸುಪಾಸು ಇರಬಹುದು, ಹತ್ತರಷ್ಟು ಉಳಿದಿವೆ. ಒಣಗಿ ಬಂದವು ಎಲುಬಿಗೆ ಅಂಟಿ ನಿಧಾನಕ್ಕೆ ಕರಗುತ್ತವೆ, ಗೊತ್ತಿದ್ದೇ ಕೂರಿಸುತ್ತೇನೆ. ಬೆಳೆಯುವ ಹುಡುಗನಿಗೆ ಅಷ್ಟು ವರ್ಷ ಎಲುಬು ಉಳಿದರೂ ಲಾಭವೇ. ಸ್ಪ್ಲಿಂಟ್ (ಕೂರಿಸಿದ ಹಲ್ಲನ್ನು ಪಕ್ಕದ ಹಲ್ಲುಗಳಿಗೆ ಕಟ್ಟುವುದು), ಎರಡು ವಾರದೊಳಗೆ ಆರ್‌ಸಿಟಿ ಎಲ್ಲ ಸೇರಿ ನಾಲ್ಕೈದು ಸಾವಿರ ಹಿಡಿಯುತ್ತೇನೆ. ಇಂಪ್ಲಾಂಟ್ ಆದರೆ ಅದರ ಐದಾರು ಪಾಲು, ಅದೂ ಬೆಳವಣಿಗೆ ಮುಗಿದ ಮೇಲೆ.

ಸ್ಪ್ಲಿಂಟಿಗೆ ನಾನು ಬಳಸುವುದು ಮೀನು ಹಿಡಿಯುವ ನೈಲಾನ್ ದಾರ. ಉಪ್ಪಳದಲ್ಲಿ ನೂರು ರೂಪಾಯಿಯೊಳಗೆ ಒಂದು ಸುರುಳಿ, ವರ್ಷಗಟ್ಟಲೆ ಬರುತ್ತದೆ. 0.2 ಮಿಲಿಮೀಟರ್ ದಪ್ಪ ಇದ್ದರೆ ಸರಿ. ಹಲ್ಲಿನ ಮೇಲ್ಮೈಯನ್ನು ಆಸಿಡ್‌ನಿಂದ ಒರಟು ಮಾಡಿ (ಎಚಿಂಗ್), ಕಾಂಪೋಸಿಟ್ (ಹಲ್ಲಿನ ಬಣ್ಣದ ಫಿಲ್ಲಿಂಗ್) ಚುಕ್ಕೆ ಇಟ್ಟು, ಎರಡು ವಾರ. ಲೋಹದ ತಂತಿಗಿಂತ ಇದು ಬಳುಕುತ್ತದೆ, ಅದೇ ಬೇಕಾದದ್ದು. "ಗಾಳದ ದಾರವಾ?" ಎಂದು ನಕ್ಕವರಿಗೆ ಪೆಟ್ಟಾದ ಹಲ್ಲಿನ ಚಿಕಿತ್ಸೆಯ ಅಂತಾರಾಷ್ಟ್ರೀಯ ಮಾರ್ಗಸೂಚಿಯ 2020ರ ಆವೃತ್ತಿ ಓದಲು ಹೇಳುತ್ತೇನೆ, ಅದರಲ್ಲೇ ಇದೆ. ನೈಲಾನ್ ಜಾರದ ಹಾಗೆ ನಾನು ಮೊದಲು ಒಂದು ಕೆಲಸ ಮಾಡುತ್ತೇನೆ, ಅದು ಸದ್ಯ ನನ್ನ ಹತ್ತಿರವೇ ಇರಲಿ.

ಹಾಲಿಗೆ ಬದಲು ಬೊಂಡದ ನೀರು (ಎಳನೀರು) ಆಗುತ್ತದಾ ಎಂದು ತೋಟದವರು ಕೇಳುತ್ತಿದ್ದರು. ಶಾಲೆಯ ಲ್ಯಾಬಿನಿಂದ ಪಿಎಚ್ ಪಟ್ಟಿ ತಂದು ನೋಡಿದೆ. ಬೊಂಡದ ನೀರು ಐದರ ಹತ್ತಿರ, ಹಾಲು ಆರೂವರೆಯ ಮೇಲೆ. ಅಷ್ಟು ಹುಳಿ ನನಗೆ ಬೇಡ. ಬೇರೇನೂ ಇಲ್ಲದಿದ್ದರೆ ಒಣಗಿಸುವುದಕ್ಕಿಂತ ವಾಸಿ ಎಂದಷ್ಟೇ ಹೇಳುತ್ತೇನೆ. ಒಬ್ಬರು ಮಜ್ಜಿಗೆಯಲ್ಲಿ ತಂದಿದ್ದರು, ಆ ಹಲ್ಲು ವರ್ಷ ದಾಟಲಿಲ್ಲ. ಮನೆಯ ಕಾಸರಗೋಡು ಗಿಡ್ಡ ತಳಿಯ ಹಸುವಿನ ಹಾಲಾದರೂ ಆಗಬಹುದು, ಕಾಯಿಸಿ ಆರಿಸಿದ್ದಿರಲಿ.

ಈಗ ಕೈಗೆತ್ತಿಕೊಂಡದ್ದು ಕಬಡ್ಡಿ ಹುಡುಗರ ಮೌತ್‌ಗಾರ್ಡ್. ಅಚ್ಚು ತೆಗೆದು ಮಾಡಿಸಿದರೆ ಒಂದಕ್ಕೆ ಆರುನೂರು ಬೀಳುತ್ತದೆ. ಉಸಿರು ಕಟ್ಟಿ ರೈಡ್ ಮಾಡುವಾಗ ಕಬಡ್ಡಿ ಕಬಡ್ಡಿ ಎನ್ನಲು ಆಗುವುದಿಲ್ಲವೆಂದು ಅರ್ಧಕ್ಕರ್ಧ ಹುಡುಗರು ತೆಗೆದಿಟ್ಟಿದ್ದಾರೆ. ಅಂಗುಳದ ಭಾಗ ಇನ್ನೂ ಕತ್ತರಿಸಿ, ತೆಳು ಹಾಳೆಯಲ್ಲಿ ಎರಡನೇ ಸುತ್ತು ಮಾಡಿಸಿದ್ದೇನೆ. ಸೀಸನ್ ಶುರುವಾದ ಮೇಲೆ ಗೊತ್ತಾಗಬೇಕು.