ಎರಡು ಟ್ಯಾಕ್ಸಿ, ಎರಡು ಆಯಿಲ್ ಫಿಲ್ಟರ್

ಹುಬ್ಬಳ್ಳಿ ಗೋಕುಲ ರಸ್ತೆಯ ನನ್ನ ಗ್ಯಾರೇಜಿಗೆ ವಾರಕ್ಕೊಬ್ಬನಾದರೂ ಬಿಡಿಭಾಗ ಮಾರುವವ ಬರುತ್ತಾನೆ. ದೀಪಾವಳಿ ಮುಗಿದ ಮೇಲೆ ಬಂದವನ ಚೀಲದಲ್ಲಿ ಹೊಸ ನಮೂನೆಯ ಆಯಿಲ್ ಫಿಲ್ಟರ್ ಇತ್ತು. ಸಿಲಿಕೋನ್ ವಾಲ್ವ್, ಕಸ ಸೋಸುವ ಕಾಗದದಲ್ಲಿ ಹೆಚ್ಚು ನಿರಿಗೆ, ತಲೆಯ ಮೇಲೊಂದು ನಟ್, ಒಳಗೆ ಅಯಸ್ಕಾಂತ. ನಾವು ಹಾಕುತ್ತಿದ್ದದ್ದಕ್ಕಿಂತ 60 ರೂಪಾಯಿ ಜಾಸ್ತಿ. “ಒಮ್ಮೆ ಹಾಕಿ ನೋಡ್ರೀ ಅಣ್ಣಾರ” ಎಂದ. ಹಾಕಿದರೆ ಏನು ಕಾಣುತ್ತದೆ? ಫಿಲ್ಟರ್ ಕಳಪೆಯಾದರೂ ಗಾಡಿ ಮರುದಿನವೇ ನಿಲ್ಲುವುದಿಲ್ಲ. ಬೇರಿಂಗ್ ಸವೆದದ್ದು ಗೊತ್ತಾಗುವ ಹೊತ್ತಿಗೆ ಫಿಲ್ಟರ್ ಯಾವುದಿತ್ತೆಂಬುದೇ ಮರೆತಿರುತ್ತದೆ.

ಹಾಗಾಗಿ ಮೊದಲು ಹಳೆಯ ನಮೂನೆಯದೊಂದು, ಹೊಸ ನಮೂನೆಯದೊಂದು ತಗೊಂಡು ಹ್ಯಾಕ್ಸಾದಿಂದ ಕೊಯ್ದೆ. ಹೊಸದರ ನಿರಿಗೆಯೊಳಗೆ ಕಬ್ಬಿಣದ ಪುಡಿ! ಮಾರಲು ಬಂದಿದ್ದ ಹುಡುಗನಿಗೆ ಫೋನ್ ಹಚ್ಚಿ ಬಾಯಿಗೆ ಬಂದಂತೆ ಬೈದೆ. ಆಮೇಲೆ ನಮ್ಮ ಗ್ಯಾರೇಜಿನ ಸಣ್ಣ ಹುಡುಗ, “ಅಣ್ಣಾ, ಅದು ಬ್ಲೇಡಿನ ಪುಡಿ ಅಲ್ಲೇನು?” ಅಂದ. ಹೌದು, ನಾನೇ ಕೊಯ್ದು ನಾನೇ ಉದುರಿಸಿದ್ದೆ. ಮತ್ತೆ ಫೋನ್ ಮಾಡಿ ತಪ್ಪಾಯ್ತಪ್ಪಾ ಅಂದೆ. ಅಂದಿನಿಂದ ಫಿಲ್ಟರ್ ತೆರೆಯಲು ಪೈಪ್ ಕಟರ್‌ನಂತೆ ಗಾಲಿ ತಿರುಗಿಸಿ ಕತ್ತರಿಸುವ ಸಾಧನವನ್ನೇ ಬಳಸುತ್ತೇನೆ. ಅದರಿಂದ ಪುಡಿ ಬೀಳುವುದಿಲ್ಲ.

ನಿರಿಗೆಯ ಕತೆ ತಮಾಷೆಯದು. ಹೊಸದರಲ್ಲಿ 58, ಹಳೆಯದರಲ್ಲಿ 50. ಆದರೆ ಇಳಕಲ್ ಸೀರೆಯ ನಿರಿಗೆ ಎಷ್ಟೆಂದು ಎಣಿಸಿದರೆ ಸೀರೆಯ ಉದ್ದ ತಿಳಿಯುತ್ತದೆಯೇ? ಕಾಗದ ಬಿಡಿಸಿ ಟೇಪ್ ಹಿಡಿದೆ. ಎರಡರ ಅಗಲವೂ 5 ಸೆಂಟಿಮೀಟರ್. ಉದ್ದ ಹೊಸದರದ್ದು 104, ಹಳೆಯದರದ್ದು 120. ಹೊಸದರಲ್ಲಿ ಒಂದೊಂದು ನಿರಿಗೆಯೂ ಗಿಡ್ಡ. ಕಸ ಹಿಡಿಯುವ ಜಾಗ ಕಮ್ಮಿಯೇ ಆಯಿತು. ಇನ್ನು ಕಾಗದ ಎಷ್ಟು ಸಣ್ಣ ಕಣ ತಡೆಯುತ್ತದೆ ಎಂಬುದು ನನ್ನ ಬೆಂಚಿನ ಮೇಲೆ ತೀರ್ಮಾನವಾಗುವಂಥದ್ದಲ್ಲ. ಅದಕ್ಕೆ ಐಎಸ್‌ಒ 4548-12 ಎಂಬ ಪರೀಕ್ಷೆಯಿದೆ, ಪ್ರಯೋಗಾಲಯದಲ್ಲಿ ಮಾಡುವುದು. ಆ ಫಲಿತಾಂಶ ಕೊಡು ಎಂದರೆ ಮಾರುವ ಹುಡುಗ ಬಣ್ಣದ ಕರಪತ್ರ ಕೊಟ್ಟ.

ಅಯಸ್ಕಾಂತದ ಮೇಲೂ ನನಗೆ ಅಂಥ ಮೋಹವಿಲ್ಲ. ಅದು ಹಿಡಿಯುವುದು ಕಬ್ಬಿಣವನ್ನು. ನಮ್ಮ ರಸ್ತೆಯ ಧೂಳು ಅದಕ್ಕೆ ಅಂಟುವುದಿಲ್ಲ, ಪಿಸ್ಟನ್ನಿನ ಅಲ್ಯುಮಿನಿಯಮ್ಮೂ ಅಂಟುವುದಿಲ್ಲ.

ನಿಜವಾಗಿ ಯೋಚನೆಗೆ ಹಚ್ಚಿದ್ದು ಆ ಸಿಲಿಕೋನ್ ವಾಲ್ವ್. ಎಂಜಿನ್ ಬಂದ್ ಮಾಡಿದಾಗ ಫಿಲ್ಟರಿನೊಳಗಿನ ಆಯಿಲ್ ಹಿಂದಕ್ಕೆ ಇಳಿದು ಹೋಗದಂತೆ ತಡೆಯುವ ರಬ್ಬರ್ ಬಿಲ್ಲೆ ಅದು. ಇಳಿದುಹೋದರೆ ಬೆಳಿಗ್ಗೆ ಪಂಪ್ ಮೊದಲು ಫಿಲ್ಟರ್ ತುಂಬಿಸಬೇಕು, ಆಮೇಲೆ ಆಯಿಲ್ ಮೇಲೇರಬೇಕು. ಅಷ್ಟು ಹೊತ್ತು ಟಕಟಕ ಸದ್ದು. ಸಾಮಾನ್ಯವಾಗಿ ಹಾಕುವ ನೈಟ್ರೈಲ್ ರಬ್ಬರ್ ಬಿಸಿಗೆ ಗಟ್ಟಿಯಾಗುತ್ತದೆ. ಸಿಲಿಕೋನ್ ಮೆತ್ತಗೇ ಉಳಿಯುತ್ತದೆ.

ಗದಗಿನ ಒಬ್ಬ ಕಾಕಾರದು ಒಂದೇ ಮಾಡೆಲ್ಲಿನ ಎರಡು ಪೆಟ್ರೋಲ್ ಟ್ಯಾಕ್ಸಿ, ಎರಡೂ ದಿನಾ ಗದಗ–ಹುಬ್ಬಳ್ಳಿ ಓಡಾಡುತ್ತವೆ. ಆ ಎಂಜಿನ್ನಿನಲ್ಲಿ ಫಿಲ್ಟರ್ ಅಡ್ಡ ಕೂಡುತ್ತದೆ. ಎರಡಕ್ಕೂ ಒಂದೇ ಡಬ್ಬಿಯ ಆಯಿಲ್ ಸುರಿದು, ಒಂದಕ್ಕೆ ಹಳೆಯ ಫಿಲ್ಟರ್, ಒಂದಕ್ಕೆ ಹೊಸದು ಹಾಕಿದೆ. ಪ್ರತಿ ಸೋಮವಾರ ಬೆಳಿಗ್ಗೆ ಮೊದಲ ಸಲ ಚಾಲೂ ಮಾಡುವಾಗ ಡ್ಯಾಶ್‌ಬೋರ್ಡಿನ ಆಯಿಲ್ ದೀಪದ (ಆಯಿಲ್ ಒತ್ತಡ ಏರಿದ ಮೇಲೆ ಆರುವಂಥದ್ದು) ವಿಡಿಯೋ ತೆಗೆದು ಕಳಿಸಲು ಡ್ರೈವರ್‌ಗಳಿಗೆ ಹೇಳಿದ್ದೆ. ಮೊದಲ ತಿಂಗಳು ಎರಡೂ ಒಂದೇ. 10,000 ಕಿಲೋಮೀಟರ್ ಹತ್ತಿರ ಬರುವಾಗ ಹಳೆಯ ನಮೂನೆ ಹಾಕಿದ ಗಾಡಿಯ ದೀಪ ಆರಲು ಒಂದೆರಡು ಸೆಕೆಂಡ್ ಹೆಚ್ಚು ಹಿಡಿಯತೊಡಗಿತು, ಸದ್ದೂ ಕೇಳಿಸಿತು. ಗಾಡಿಯದೇ ದೋಷವಿದ್ದರೆ? ಅದಕ್ಕೇ ಮುಂದಿನ ಸರ್ವಿಸ್‌ನಲ್ಲಿ ನಮೂನೆ ಅದಲುಬದಲು ಮಾಡಿದೆ. ತಡ ಈ ಸಲ ಇನ್ನೊಂದು ಗಾಡಿಯಲ್ಲಿ ಕಾಣಿಸಿತು. ಬಿಚ್ಚಿ ನೋಡಿದರೆ ನೈಟ್ರೈಲ್ ಬಿಲ್ಲೆ ಒಣಗಿದ ಚಪ್ಪಲಿ ತೊಗಲಿನಂತೆ. ಬಗ್ಗಿಸಿದರೆ ಬಗ್ಗಿದಂತೆಯೇ ನಿಲ್ಲುತ್ತಿತ್ತು. ಸಿಲಿಕೋನಿನದು ಬಿಟ್ಟ ಕೂಡಲೇ ಮೊದಲಿನಂತೆ ಆಯಿತು.

ಹಾಗೆಂದು ಎಲ್ಲ ಗಾಡಿಗೂ ಹಾಕುತ್ತಿಲ್ಲ. ಬಾಯಿ ಮೇಲಾಗಿ ನೆಟ್ಟಗೆ ಕೂಡುವ ಫಿಲ್ಟರಿನಲ್ಲಿ ಆಯಿಲ್ ಚೊಂಬಿನ ನೀರಿನಂತೆ ತಾನೇ ನಿಲ್ಲುತ್ತದೆ, ಅಲ್ಲಿ ಆ 60 ರೂಪಾಯಿ ದಂಡ. ಅಡ್ಡ ಕೂಡುವಲ್ಲಿ ಹಾಕುತ್ತೇನೆ, ಆದರೆ ಕಾಗದ ಕಮ್ಮಿ ಇರುವುದರಿಂದ ಸರ್ವಿಸ್ ದಿನ ಮುಂದೂಡಲು ಬಿಡುವುದಿಲ್ಲ. ತಲೆಯ ನಟ್ ಬಿಚ್ಚುವಾಗ ಬಂಗಾರ, ಹಾಕುವಾಗ ಶನಿ: ಹುಡುಗರು ಪಾನಾ ಹಚ್ಚಿ ಬಿಗಿದುಬಿಡುತ್ತಾರೆ. ಫಿಲ್ಟರಿನ ಬಾಯಿಯ ರಬ್ಬರ್ ಎಂಜಿನ್ನಿಗೆ ತಾಗಿದ ಮೇಲೆ ಕೈಯಿಂದ ಮುಕ್ಕಾಲು ಸುತ್ತು, ಅಷ್ಟೇ.

ಎಲ್ಲ ಹೇಳಿ ಮುಗಿಸಿದಾಗ ಕಾಕಾ ಎರಡೂ ಬಿಲ್ಲೆ ಚಿವುಟಿ ನೋಡಿ, “ಹಂಗಾರ ಚಲೋದನ್ನ ಮೊದ್ಲ ಎರಡೂ ಗಾಡಿಗೆ ಹಾಕಬೇಕಿತ್ತಲ್ಲೋ ತಮ್ಮಾ” ಎಂದರು. ಆ ನಾಲ್ಕೂ ಫಿಲ್ಟರಿನ ದುಡ್ಡು ನಾನು ತಗೊಳ್ಳಲಿಲ್ಲ.