ಫೋಟಾನಿಕ್ ಕ್ರಿಸ್ಟಲ್‌ನಲ್ಲಿ ಸಿಕ್ಕಿಬಿದ್ದ ಬೆಳಕನ್ನು ಎರಡು ದಾರಿಯಲ್ಲಿ ಹುಡುಕಿದ್ದು

ಗಾಳಿಯಲ್ಲಿ ಚೌಕ ಚೌಕವಾಗಿ ನಿಲ್ಲಿಸಿದ ಕಡ್ಡಿಗಳು. ಕಡ್ಡಿಯ ವಕ್ರೀಭವನ ಸೂಚ್ಯಂಕ 3.4, ಅಂದರೆ ಎಪ್ಸಿಲಾನ್ (ಸೂಚ್ಯಂಕದ ವರ್ಗ) 11.56. ಕಡ್ಡಿಯಿಂದ ಕಡ್ಡಿಗೆ ಇರುವ ದೂರವನ್ನು 1 ಅಂದುಕೊಂಡರೆ ತ್ರಿಜ್ಯ 0.2. ಬೆಳಕಿನ ತರಂಗಾಂತರಕ್ಕೆ ಹತ್ತಿರದ ಅಂತರದಲ್ಲಿ ಒಂದೇ ವಿನ್ಯಾಸ ಮರುಕಳಿಸುವ ಇಂಥ ರಚನೆಯೇ ಫೋಟಾನಿಕ್ ಕ್ರಿಸ್ಟಲ್. ಅದರ ಮಾಡೆಲಿಂಗ್ ಕಲಿಯಲು ನಾನು ಆರಿಸಿಕೊಂಡಿದ್ದು ಇದನ್ನು. ಹೊಸಬರು ಕೇಳಿದರೆ ಈಗಲೂ ಇದನ್ನೇ ಹೇಳುತ್ತೇನೆ. 2ಡಿ ಆದ್ದರಿಂದ ಸಾಮಾನ್ಯ ಲ್ಯಾಪ್‌ಟಾಪ್ ಸಾಕು, ವಿಷಯದ ತಿರುಳೂ ಇದರಲ್ಲೇ ಇದೆ.

ಶುರುವಿನಲ್ಲಿ ನ್ಯಾನೋಮೀಟರ್ ಬೇಡವೇ ಬೇಡ. ಬೆಳಕಿನ ನಡೆಯನ್ನು ಹೇಳುವ ಮ್ಯಾಕ್ಸ್‌ವೆಲ್ ಸಮೀಕರಣಗಳಿಗೆ ತಮ್ಮದೇ ಆದ ಅಳತೆ ಇಲ್ಲ. ಕಡ್ಡಿಗಳ ಅಂತರವನ್ನು ತರಂಗಾಂತರದಿಂದ ಭಾಗಿಸಿದ ಸಂಖ್ಯೆಯನ್ನೇ ಆವರ್ತನ ಅಂತ ಇಟ್ಟುಕೊಂಡೆ. ಉತ್ತರ 0.38 ಬಂತು ಅನ್ನಿ. 1.55 ಮೈಕ್ರೋಮೀಟರ್ ಬೆಳಕಿಗೆ ಅಂತರ ಸುಮಾರು 0.59 ಮೈಕ್ರೋಮೀಟರ್ ಇರಬೇಕು. ಎಪ್ಸಿಲಾನ್ ಅಷ್ಟೇ ಇದ್ದರೆ, 3 ಸೆಂಟಿಮೀಟರ್ ಮೈಕ್ರೋವೇವ್‌ಗೆ 1.14 ಸೆಂಟಿಮೀಟರ್. ಲೆಕ್ಕ ಒಂದೇ.

ಮೊದಲು ಎಂಪಿಬಿ ಹಿಡಿದೆ. ಕ್ರಿಸ್ಟಲ್‌ನಲ್ಲಿ ಯಾವ ಆವರ್ತನದ ಬೆಳಕು ಸಾಗಬಲ್ಲದು ಅಂತ ಲೆಕ್ಕ ಹಾಕುವ, ಎಂಐಟಿಯಲ್ಲಿ ಹುಟ್ಟಿದ ಉಚಿತ ಸಾಫ್ಟ್‌ವೇರ್ ಇದು. ಕ್ರಿಸ್ಟಲ್ ಕೊನೆಯಿಲ್ಲದೆ ಹರಡಿದೆ ಅಂದುಕೊಂಡು, ಬ್ಲಾಕ್ ಪ್ರಮೇಯದ (ಮರುಕಳಿಸುವ ರಚನೆಗೆ ಒಂದು ತುಣುಕಿನ ಲೆಕ್ಕ ಸಾಕು ಅನ್ನುವ ನಿಯಮ) ಬಲದಿಂದ ಒಂದೇ ಒಂದು ಕೋಶದಲ್ಲಿ, ಅಂದರೆ ಒಂದು ಕಡ್ಡಿ ಮತ್ತು ಅದರ ಸುತ್ತಲಿನ ಚೌಕದಲ್ಲಿ, ಲೆಕ್ಕ ಮುಗಿಸುತ್ತದೆ. ಅಲೆಯ ದಿಕ್ಕು ಮತ್ತು ಉದ್ದವನ್ನು ಗುರುತಿಸುವ ಬಿಂದುಗಳ ಮೇಲೆ ಒಂದು ಸುತ್ತು: ಗಾಮಾದಿಂದ ಎಕ್ಸ್, ಅಲ್ಲಿಂದ ಎಂ, ಮತ್ತೆ ಗಾಮಾ. ವಿದ್ಯುತ್ ಕ್ಷೇತ್ರ ಕಡ್ಡಿಯ ಉದ್ದಕ್ಕೂ ಇರುವ ಟಿಎಂ ಬೆಳಕಿಗೆ, ಮೊದಲ ಮತ್ತು ಎರಡನೇ ಬ್ಯಾಂಡ್ (ಬೆಳಕು ಸಾಗಬಲ್ಲ ಆವರ್ತನಗಳ ಸಾಲು) ನಡುವೆ ಸುಮಾರು 0.28ರಿಂದ 0.42ರವರೆಗೆ ಖಾಲಿ ಜಾಗ ಕಾಣುತ್ತದೆ. ಇದೇ ಬ್ಯಾಂಡ್ ಗ್ಯಾಪ್, ಈ ಆವರ್ತನಗಳ ಬೆಳಕು ಕ್ರಿಸ್ಟಲ್‌ನಲ್ಲಿ ಸಾಗದು. ಭೌತವಿಜ್ಞಾನಿಗಳಾದ ಎಲಿ ಯಾಬ್ಲೊನೊವಿಚ್ ಮತ್ತು ಸಜೀವ್ ಜಾನ್ 1987ರಲ್ಲಿ ಬೇರೆ ಬೇರೆಯಾಗಿ ಮುಂದಿಟ್ಟ ವಿಚಾರ ನಮ್ಮ ಸ್ಕ್ರೀನ್ ಮೇಲೇ ಮೂಡುತ್ತದೆ.

ಗ್ರಾಫ್ ಬಂತು ಅಂತ ಸುಮ್ನೆ ಮುಂದೆ ಹೋಗಬೇಡಿ. ಎಕ್ಸ್ ಬಿಂದುವಿನಲ್ಲಿ ಎರಡೂ ಬ್ಯಾಂಡ್‌ಗಳ ಕ್ಷೇತ್ರದ ಚಿತ್ರ ತೆಗೆದು ನೋಡಿ. ಮೊದಲನೆಯದು ಕಡ್ಡಿಯೊಳಗೆ ಗಟ್ಟಿಯಾಗಿ ಕೂತಿರುತ್ತದೆ, ಅದಕ್ಕೇ ಆವರ್ತನ ಕಡಿಮೆ. ಎರಡನೆಯದಕ್ಕೆ ಕಡ್ಡಿಯ ನಡುವೆಯೇ ಸೊನ್ನೆ ರೇಖೆ ಹಾದುಹೋಗುತ್ತದೆ. ಶಕ್ತಿಯ ದೊಡ್ಡ ಪಾಲು ಗಾಳಿಗೆ ಜಾರುತ್ತದೆ, ಆವರ್ತನ ಮೇಲೇರುತ್ತದೆ. ಗ್ಯಾಪ್ ಯಾಕೆ ಹುಟ್ಟುತ್ತದೆ ಅನ್ನೋದು ನನಗೆ ನಿಜವಾಗಿ ಅರ್ಥವಾಗಿದ್ದು ಈ ಎರಡು ಚಿತ್ರಗಳಿಂದ. ಎಪ್ಸಿಲಾನ್ ಇಳಿಸಿದರೆ ಗ್ಯಾಪ್ ಯಾಕೆ ಕಿರಿದಾಗುತ್ತದೆ ಅನ್ನೋದೂ ಆಮೇಲೆ ತಾನಾಗಿ ಹೊಳೆಯಿತು.

ಮುಂದೆ ಒಂದು ಕಡ್ಡಿ ಕಿತ್ತು ಹಾಕಿದೆ. ಈಗ ಒಂದು ಕೋಶ ಸಾಲದು, 5 ಗುಣಿಸು 5ರ ಸೂಪರ್‌ಸೆಲ್, ಅಂದರೆ 25 ಕೋಶ ಸೇರಿದ ದೊಡ್ಡ ಕೋಶ ಬೇಕು. ಇಲ್ಲಿ ಬ್ಯಾಂಡ್‌ಗಳು ಮಡಚಿಕೊಳ್ಳುತ್ತವೆ, ಹಳೆಯ ಒಂದು ಬ್ಯಾಂಡ್ 25 ಆಗಿ ಕಾಣುತ್ತದೆ. ಎಲ್ಲ ಕಡ್ಡಿಯೂ ಇದ್ದರೆ ಗ್ಯಾಪ್ ಕೆಳಗೆ 25 ಬ್ಯಾಂಡ್. ಒಂದು ತೆಗೆದರೆ ಕೆಳಗೆ ಉಳಿಯುವುದು 24. ಇಪ್ಪತ್ತೈದನೆಯದು ಗ್ಯಾಪ್ ಒಳಗೆ, ಸುಮಾರು 0.38ಕ್ಕೆ ಬಂದು ನಿಲ್ಲುತ್ತದೆ. ಬೆಳಕು ಆ ಖಾಲಿ ಜಾಗದಲ್ಲೇ ಸಿಕ್ಕಿಬಿದ್ದಿದೆ.

ಇದನ್ನು ನಂಬಬೇಕಾದರೆ ಇನ್ನೊಂದು ದಾರಿಯಿಂದಲೂ ಅದೇ ಸಂಖ್ಯೆ ಬರಬೇಕು, ಅಲ್ವಾ? ಅದಕ್ಕೆ ಮೀಪ್ ಅನ್ನುವ ಇನ್ನೊಂದು ಸಾಫ್ಟ್‌ವೇರ್. ಇದು ಬಳಸುವುದು ಎಫ್‌ಡಿಟಿಡಿ, 1966ರಲ್ಲಿ ಕೇನ್ ಯೀ ಕೊಟ್ಟ ಜಾಲರಿಯ ವಿಧಾನ. ಕ್ಷೇತ್ರವನ್ನು ಸಮಯದಲ್ಲಿ ಹೆಜ್ಜೆ ಹೆಜ್ಜೆಯಾಗಿ ನಡೆಸುತ್ತದೆ. ಈ ಸಲ ಕ್ರಿಸ್ಟಲ್‌ಗೆ ಅಂಚು ಇದೆ. ಸುತ್ತ ಒಂದಿಷ್ಟು ಗಾಳಿ ಬಿಟ್ಟು, ಬೆಳಕನ್ನು ಹೀರುವ ಪಿಎಂಎಲ್ ಪದರ ಹಾಕಿದೆ. ಚಿಕ್ಕ ಪಲ್ಸ್ ಬಿಟ್ಟು, ಸೋರ್ಸ್ ಆರಿದ ಮೇಲೆ ಉಳಿದ ಅನುರಣನವನ್ನು ಹಾರ್ಮಿನ್ವ್ ಅನ್ನುವ ಪ್ರೋಗ್ರಾಂಗೆ ಕೊಟ್ಟೆ. ಅದು ಆವರ್ತನವನ್ನೂ ಕ್ಯೂ ಮೌಲ್ಯವನ್ನೂ (ಬೆಳಕು ಎಷ್ಟು ಹೊತ್ತು ಸೋರದೆ ಉಳಿಯುತ್ತದೆ ಅನ್ನುವ ಅಳತೆ) ಹೇಳುತ್ತದೆ. ಸೋರ್ಸನ್ನು ನಟ್ಟನಡುವೆ ಇಡದೆ ಸ್ವಲ್ಪ ಪಕ್ಕಕ್ಕೆ ಸರಿಸಿ. ಇಲ್ಲದಿದ್ದರೆ, ನಡುವೆ ಸೊನ್ನೆಯಾಗುವ ಮೋಡ್‌ಗಳು (ಕ್ಷೇತ್ರದ ಕಂಪನದ ರೂಪಗಳು) ಇದ್ದರೂ ಕಾಣುವುದೇ ಇಲ್ಲ.

ಇಲ್ಲೂ 0.38ರ ಆಸುಪಾಸು ಬಂದಾಗ ಆದ ಖುಷಿ ದೊಡ್ಡದು. ಕೊನೆಯಿಲ್ಲದ ಕ್ರಿಸ್ಟಲ್ ಹೇಳಿದ್ದನ್ನೇ ಅಂಚಿರುವ ಕ್ರಿಸ್ಟಲ್ ಕೂಡ ಹೇಳುತ್ತಿದೆ! ಸುತ್ತ ಕಡ್ಡಿಗಳ ಪದರ ಹೆಚ್ಚಿಸುತ್ತಾ ಹೋದರೆ ಆವರ್ತನ ಹೆಚ್ಚು ಕಡಿಮೆ ಅಲುಗದು, ಕ್ಯೂ ಮಾತ್ರ ಪದರ ಪದರಕ್ಕೂ ಹಲವು ಪಟ್ಟು ಏರುತ್ತದೆ. ಹಾಗೆ ಏರದಿದ್ದರೆ ಮಾಡೆಲ್‌ನಲ್ಲಿ ಏನೋ ತಪ್ಪಿದೆ ಅಂತಲೇ ಲೆಕ್ಕ.

ರೆಸಲ್ಯೂಷನ್ (ಕಡ್ಡಿಗಳ ಒಂದು ಅಂತರಕ್ಕೆ ಜಾಲರಿಯ ಎಷ್ಟು ಬಿಂದು ಅನ್ನುವುದು) 16, 32, 64 ಅಂತ ಏರಿಸಿ ಸಂಖ್ಯೆ ನಿಲ್ಲುತ್ತದಾ ಅಂತ ನೋಡುವುದನ್ನು ನಾನು ಬಿಡುವುದಿಲ್ಲ. 3ಡಿಗೆ ಹೋದಾಗ ಇದು ದುಬಾರಿ. ರೆಸಲ್ಯೂಷನ್ ದುಪ್ಪಟ್ಟು ಮಾಡಿದರೆ ಮೆಮೊರಿ 8 ಪಟ್ಟು, ಸಮಯ 16 ಪಟ್ಟು. ಹಾಗಾಗಿ ತ್ರಿಜ್ಯ, ಪದರ, ಸೋರ್ಸ್ ಇವುಗಳ ಜೊತೆ ಆಟ ಆಡುವುದೆಲ್ಲ 2ಡಿಯಲ್ಲೇ ಮುಗಿಸಿ, ಎಂಪಿಬಿ ಮತ್ತು ಮೀಪ್ ಎರಡೂ ಒಪ್ಪಿದ ವಿನ್ಯಾಸವನ್ನಷ್ಟೇ 3ಡಿಗೆ ಒಯ್ಯುತ್ತೇನೆ.